ಊರಿನ ವಾರಪತ್ರಿಕೆಗೆ ಹೊರಟವಳಿಗೆ

ಪ್ರೀತಿಯ ಮಗು,

ನಗರದ ಕೆಲಸ ಬಿಟ್ಟು ಊರಿನ ವಾರಪತ್ರಿಕೆ ಸೇರುತ್ತೇನೆ ಎಂದು ಬರೆದಿದ್ದೀಯ. ಓದಿ ತುಂಬ ಸಂತೋಷವಾಯಿತು. ಮನೆಯವರು ಬೇಡವೆಂದರೆ ಅವರಿಗೆ ಹೆನ್ರಿ ಬೀಟಲ್ ಹಫ್ ಎಂಬ ಸಂಪಾದಕರ ಕಥೆ ಹೇಳು.

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಾಚೆ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪವಿದೆ. 1846ರಲ್ಲಿ ಹುಟ್ಟಿದ ಅಲ್ಲಿನ ‘ವಿನ್‌ಯಾರ್ಡ್ ಗೆಝೆಟ್’ ಪತ್ರಿಕೆಯನ್ನು 1920ರಲ್ಲಿ ಹಫ್ ಅವರ ತಂದೆ ಮಗ–ಸೊಸೆಗೆ ಮದುವೆಯ ಉಡುಗೊರೆಯಾಗಿ ಕೊಟ್ಟರು. ಅದಕ್ಕೂ ಎರಡು ವರ್ಷ ಮೊದಲೇ ಹಫ್ ಸಹಪಾಠಿಯೊಬ್ಬರ ಜೊತೆ ಪುಲಿಟ್ಜರ್ ಪ್ರಶಸ್ತಿ ಗೆದ್ದಿದ್ದರು. ಮಹಾನಗರದ ಯಾವ ಪತ್ರಿಕೆಯಾದರೂ ಅವರನ್ನು ಕರೆಯುತ್ತಿತ್ತು. ಆದರೂ ಗಂಡ ಹೆಂಡತಿ ಇಬ್ಬರೂ ದ್ವೀಪದಲ್ಲೇ ನಿಂತರು. ಪತ್ನಿ ಎಲಿಜಬೆತ್ ಬರೀ ಜೊತೆಗಿದ್ದವರಲ್ಲ, ಪತ್ರಿಕೆಯ ಅರ್ಧ ಭಾರ ಅವರ ಹೆಗಲ ಮೇಲಿತ್ತು.

ನನ್ನನ್ನು ಬಹಳ ತಟ್ಟಿದ್ದು ಹೀತ್ ಹೆನ್ ಎಂಬ ನೆಲಹಕ್ಕಿಯ ಪ್ರಸಂಗ. ಒಂದು ಕಾಲಕ್ಕೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ವ್ಯಾಪಕವಾಗಿದ್ದ ಹಕ್ಕಿ, ಬೇಟೆಗೆ ಸಿಕ್ಕಿ ಸಿಕ್ಕಿ ಕೊನೆಗೆ ಆ ದ್ವೀಪವೊಂದರಲ್ಲೇ ಉಳಿಯಿತು. 1908ರಲ್ಲಿ ಅದಕ್ಕಾಗಿ ರಕ್ಷಿತಾರಣ್ಯ ಮಾಡಿದರು, ಸಂಖ್ಯೆ ಏರಿತು. 1916ರ ಕಾಳ್ಗಿಚ್ಚು, ಗಿಡುಗಗಳು, ರೋಗ ಎಲ್ಲ ಸೇರಿ ಮತ್ತೆ ಇಳಿಸಿದವು. ಕೊನೆಗೆ ಒಂದೇ ಗಂಡು. ಜೋಡಿಯಿಲ್ಲದ ಆ ಒಂಟಿ ಹಕ್ಕಿ 1932ರ ಮಾರ್ಚಿನ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಮರುವರ್ಷ ಹಫ್, ಊರಿನ ಹಿರಿಯರೊಬ್ಬರು ತೀರಿಕೊಂಡಾಗ ಬರೆಯುವಂತೆ ಆ ಹಕ್ಕಿಗೆ ಚರಮಲೇಖನ ಬರೆದರು. ಒಂದು ಕುಲವೇ ನಿರ್ನಾಮವಾದದ್ದನ್ನು ಊರಿನ ಸಾವಿನ ಸುದ್ದಿಯಾಗಿ ಕಂಡ ಆ ಮನಸ್ಸು ದೊಡ್ಡದು, ಮಗು. ದೂರದ ರಾಜಧಾನಿಯಲ್ಲಿ ಕೂತವರಿಗೆ ಅದು ಸುಲಭಕ್ಕೆ ಬರುವುದಲ್ಲ.

ಇಂಥವರು ಚರಿತ್ರೆಕಾರರೂ ಆದದ್ದರಲ್ಲಿ ಆಶ್ಚರ್ಯವೇನು? 1835ರಲ್ಲಿ ದ್ವೀಪದ ಓಕ್ ತೋಪೊಂದರಲ್ಲಿ ಮೆಥಡಿಸ್ಟ್ ಪಂಥದ ಕ್ರೈಸ್ತರು ಡೇರೆ ಹೂಡಿ ಪ್ರಾರ್ಥನೆಗೆ ಕೂತರು. ಮುಂದೆ ಡೇರೆಗಳಿದ್ದಲ್ಲಿ ಪುಟ್ಟ ಮರದ ಮನೆಗಳೆದ್ದವು, ದ್ವೀಪ ಬೇಸಿಗೆಯ ವಿಹಾರತಾಣವಾಯಿತು. ಆ ನೂರು ವರ್ಷಗಳ ಚರಿತ್ರೆಯನ್ನು ಹಫ್ 1936ರಲ್ಲಿ ಪುಸ್ತಕ ಮಾಡಿದರು. ತಮ್ಮ ಸಂಪಾದಕ ಬದುಕಿನ ಕಥೆ ‘ಕಂಟ್ರಿ ಎಡಿಟರ್’ 1940ರಲ್ಲಿ ಬಂತು. ನಿನಗೆ ಮೊದಲು ಬೇಕಾದದ್ದು ಅದೇ, ಹುಡುಕಿ ಓದು.

ಬರೆದು ಸುಮ್ಮನಾಗಲಿಲ್ಲ ಅವರು. ಕಟ್ಟಡಗಳು ದ್ವೀಪವನ್ನು ನುಂಗುವ ಮೊದಲೇ ನೆಲ ಉಳಿಸಲೆಂದು 1959ರಲ್ಲಿ ದಂಪತಿ ಷೆರಿಫ್ಸ್ ಮೆಡೋ ಪ್ರತಿಷ್ಠಾನ ಕಟ್ಟಿದರು. 1968ರಲ್ಲಿ ಪತ್ರಿಕೆಯನ್ನು ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಮಾರಿದ ಮೇಲೂ ಹಫ್ ಬರೆಯುತ್ತಲೇ ಇದ್ದರು. ತೀರಿಕೊಂಡದ್ದು 1985ರಲ್ಲಿ.

ಕೆಲಸಕ್ಕೆ ಸೇರಿದ ವಾರವೇ ಹಳೆಯ ಸಂಚಿಕೆಗಳ ಕಟ್ಟುಗಳು ಎಲ್ಲಿವೆ ನೋಡು. ಗೆದ್ದಲು ಹಿಡಿಯುವ ಮೊದಲು ಬೈಂಡ್ ಮಾಡಿಸಲು ಸಂಪಾದಕರನ್ನು ಕೇಳಿಕೋ. ಸಣ್ಣ ಸುದ್ದಿಯಲ್ಲೂ ಊರು, ಹೆಸರು, ತಾರೀಕು ತಪ್ಪದಿರಲಿ. ನನ್ನ ಒಂದು ವರ್ಷದ ಚಂದಾ ಇದರ ಜೊತೆ ಕಳಿಸಿದ್ದೇನೆ. ನಿನ್ನ ಮೊದಲ ವರದಿ ಬಂದ ಸಂಚಿಕೆಯಿಂದಲೇ ಶುರುಮಾಡಲು ಹೇಳು.

ಇಂತಿ ನಿನ್ನ,
ದೊಡ್ಡಪ್ಪ