ದೊಡ್ಡ ಬೇಟೆಗೆ ಮೊದಲ ಪಾಠ

1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನ ಚಂಪಾವತದಲ್ಲಿ ನರಭಕ್ಷಕ ಹೆಣ್ಣುಹುಲಿಯೊಂದನ್ನು ಹೊಡೆದರು. ಅಷ್ಟರೊಳಗೆ ಅದು 436 ಜನರನ್ನು ಕೊಂದಿತ್ತೆಂದು ಲೆಕ್ಕ. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ. ಹಿಂದೆಂದೋ ಯಾರೋ ಹಾರಿಸಿದ ಗುಂಡಿನ ಗಾಯವದು. ಸಹಜ ಆಹಾರ ಹಿಡಿಯಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತು ಎಂದು ಕಾರ್ಬೆಟ್ ಬರೆದಿದ್ದಾರೆ. ಸರಿಯಾಗಿ ಬೀಳದ ಒಂದು ಈಡಿನ ಬೆಲೆಯನ್ನು ಯಾರು ಯಾರು ತೆರಬೇಕಾಯಿತು ನೋಡಿ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಆದ್ದರಿಂದ ಈ ಪಾಠ, ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ನಾಡುಗಳಲ್ಲಿ ನೆಲೆಸಿ, ಅಲ್ಲಿನವರ ಜೊತೆ ಮೊದಲ ಸಲ ಕಾಡಿಗೆ ಹೊರಟವರಿಗೆ. ನಾರ್ವೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿ ಸೆಪ್ಟೆಂಬರ್ 25ರಿಂದ ಮೂಸ್ ಬೇಟೆ ಶುರುವಾಗುತ್ತದೆ. ಮೂಸ್ ಎಂದರೆ ಜಿಂಕೆಯ ಕುಲದಲ್ಲೇ ಅತಿ ದೊಡ್ಡ ಪ್ರಾಣಿ. ಬಲಿತ ಗಂಡು 400–500 ಕಿಲೋ ತೂಗಬಲ್ಲದು.

ಹೊಸಬರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಾವ ಕೋವಿ ಕೊಳ್ಳಲಿ? ಕಾನೂನು ಕನಿಷ್ಠ ಮಟ್ಟವನ್ನು ಹೇಳುತ್ತದೆ. ನಾರ್ವೆಯಲ್ಲಿ ಮೂಸ್‌ಗೆ ಬಳಸುವ ಗುಂಡು 9 ಗ್ರಾಮಿಗಿಂತ ಹಗುರ ಇರಬಾರದು. 9–10 ಗ್ರಾಮಿನ ಗುಂಡಿಗೆ 100 ಮೀಟರ್ ದೂರದಲ್ಲಿ 2,700 ಜೂಲ್ ಶಕ್ತಿ ಉಳಿದಿರಬೇಕು. ಅದಕ್ಕಿಂತ ಭಾರದ ಗುಂಡಿಗೆ 2,200 ಜೂಲ್ ಸಾಕು. ಗುಂಡು ಮೈಯೊಳಗೆ ಅಣಬೆಯಂತೆ ಅರಳುವ ಜಾತಿಯದ್ದಾಗಿರಬೇಕು. ಅರಳದ ಗುಂಡು ಸೂಜಿಯಂತೆ ತೂರಿ ಆಚೆ ಹೋಗುತ್ತದೆ, ಪ್ರಾಣಿ ನರಳುತ್ತಾ ದೂರ ಓಡುತ್ತದೆ.

6.5×55, .308 ವಿಂಚೆಸ್ಟರ್, .30-06 ಅಳತೆಯ ಕೋವಿಗಳೆಲ್ಲ ತಕ್ಕ ಗುಂಡು ಹಾಕಿದರೆ ಈ ಮಟ್ಟ ದಾಟುತ್ತವೆ. ಆದರೂ ಹೊಸಬರ ಕಣ್ಣು ಇನ್ನೂ ದೊಡ್ಡದರ ಮೇಲೆ ಬೀಳುತ್ತದೆ. ದೊಡ್ಡ ಕೋವಿ ಜೋರಾಗಿ ಒದೆಯುತ್ತದೆ. ನಾಲ್ಕು ಸಲ ಭುಜಕ್ಕೆ ಪೆಟ್ಟು ಬಿದ್ದ ಮೇಲೆ ಐದನೆಯ ಸಲ ಮೈ ತಾನೇ ಹೆದರುತ್ತದೆ. ಇದನ್ನು ಪರೀಕ್ಷಿಸಲು ಸುಲಭ ದಾರಿಯಿದೆ. ಅಭ್ಯಾಸದ ಮೈದಾನದಲ್ಲಿ ನಿಮಗೆ ಕಾಣದಂತೆ ಗೆಳೆಯರು ನಿಜವಾದ ತೋಟೆಗಳ ನಡುವೆ ಒಂದು ಪೊಳ್ಳು ತೋಟೆ ಸೇರಿಸಲಿ. ಟ್ರಿಗರ್ ಒತ್ತಿದಾಗ ಬರೀ ‘ಟಕ್’ ಎಂದರೆ ನಳಿಗೆಯ ತುದಿ ನೋಡಿ. ಅದು ಅಲುಗದಿದ್ದರೆ ಕೋವಿ ನಿಮ್ಮದು. ಸರಕ್ಕನೆ ಕೆಳಕ್ಕೆ ಬಾಗಿದರೆ ನೀವು ಆ ಕೋವಿಗೆ ಹೆದರುತ್ತಿದ್ದೀರಿ. ಹಗುರಾಗಿ ಒದೆಯುವುದನ್ನು ಆರಿಸಿ. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನು ಗುರಿ. ನಾರ್ವೆಯಲ್ಲಿ ದೊಡ್ಡ ಬೇಟೆಗೆ ಹೋಗುವವರು ಪ್ರತಿ ವರ್ಷ ಪರೀಕ್ಷೆ ಕೊಡಲೇಬೇಕು. ಮೊದಲು 30 ಅಭ್ಯಾಸದ ಗುಂಡು. ಆಮೇಲೆ 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ 5 ಗುಂಡು. ಐದೂ 30 ಸೆಂಟಿಮೀಟರ್ ಅಗಲದ ವೃತ್ತದೊಳಗೆ, ಅಂದರೆ ಸುಮಾರು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳಬೇಕು. ನಾಲ್ಕು ಬಿದ್ದರೆ ಸಾಲದು. ಕೈಲ್ ಪೊಳ್ದ್ ಹಬ್ಬದ ದಿನ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಕೊಡಗಿನವರಿಗೆ ಇಂಥ ಸ್ಪರ್ಧೆ ಹೊಸದಲ್ಲ. ಆದರೆ ತೆಂಗಿನಕಾಯಿಗೆ ನೋವಿಲ್ಲ. ಅಲ್ಲಿ ತಪ್ಪಿದ ಗುಂಡಿಗೆ ಮರುವರ್ಷ ಅವಕಾಶವಿದೆ.

ಕಾಡಿನಲ್ಲಿ ಎದೆ ಏದುತ್ತಿರುತ್ತದೆ, ಬೆರಳು ಚಳಿಗೆ ಮರಗಟ್ಟಿರುತ್ತದೆ. ಆದ್ದರಿಂದ ಮೈದಾನದಲ್ಲಿ ಮಲಗಿ ಹೊಡೆದ ದೂರವನ್ನು ನಿಮ್ಮ ಅಳತೆ ಎಂದುಕೊಳ್ಳಬೇಡಿ. ಮೊಣಕಾಲೂರಿ, ಮರಕ್ಕೊರಗಿ, ತುಸು ಓಡಿ ಬಂದು ಹೊಡೆದು ನೋಡಿ. ಐದೂ ಗುಂಡು ಆ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಗಡಿ. ಅದು 60 ಮೀಟರ್ ಆಗಿದ್ದರೆ 60ಕ್ಕೇ ನಿಲ್ಲಿ.

ಪ್ರಾಣಿ ಪಕ್ಕೆ ತೋರಿಸಿ ನಿಂತಾಗ ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಿಂದ ನಡುವಿನವರೆಗೆ ಇರುವುದು ಶ್ವಾಸಕೋಶ. ಗುರಿ ಅಲ್ಲಿಗೇ. ಎದುರು ನಿಂತರೆ, ಬೆನ್ನು ತೋರಿಸಿ ಓಡಿದರೆ, ದಿಣ್ಣೆಯ ತುದಿಯಲ್ಲಿ ಆಕಾಶದೆದುರು ನಿಂತರೆ ಕೋವಿ ಇಳಿಸಿ. ಆಕಾಶಕ್ಕೆ ಹಾರಿದ ಗುಂಡು ಎಲ್ಲಿ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ.

ಶ್ವಾಸಕೋಶಕ್ಕೆ ಗುಂಡು ತಗುಲಿದ ಮೂಸ್ ಎಷ್ಟೋ ಸಲ ಏನೂ ಆಗದಂತೆ ನಡೆದುಬಿಡುತ್ತದೆ. ತಪ್ಪಿತು ಎಂದು ಮನೆಗೆ ಹೊರಡಬೇಡಿ. ಅದು ನಿಂತಿದ್ದ ಜಾಗ ಗುರುತಿಟ್ಟುಕೊಂಡು ನೆಲ ನೋಡಿ. ನೊರೆನೊರೆಯಾದ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಕಪ್ಪುಗೆಂಪು ಯಕೃತ್ತಿನದು, ಹಸಿರು ಬೆರೆತಿದ್ದರೆ ಹೊಟ್ಟೆಯದು. ಹೊಟ್ಟೆಗೆ ತಗುಲಿದ್ದರೆ ಬೆನ್ನಟ್ಟಿ ಓಡಬೇಡಿ. ಅದು ಇನ್ನೂ ದೂರ ಹೋಗುತ್ತದೆ. ಜಾಡು ಹಿಡಿಯುವ ನಾಯಿಯನ್ನು ಕರೆಸಿ. ಇಂಥ ನಾಯಿ ಕೈಗೆಟಕುವಂತಿರಬೇಕೆಂದು ನಾರ್ವೆಯಲ್ಲಿ ಕಾನೂನೇ ಇದೆ.

ಕೋವಿಯ ಅಂಗಡಿಗೆ ಹೋಗುವ ಮುನ್ನ ಅಭ್ಯಾಸದ ಮೈದಾನಕ್ಕೆ ಹೋಗಿ, ಹಿರಿಯರ ಕೋವಿಯಲ್ಲಿ ಐದು ಗುಂಡು ಹಾರಿಸಿ ನೋಡಿ. ಕಾಡಿನಲ್ಲಿ ಮನಸ್ಸು ಒಂದಿಷ್ಟು ಅಳುಕಿದರೂ ಬೆರಳು ಹಿಂದೆಗೆಯಿರಿ. ಬರಿಗೈಯಲ್ಲಿ ಮನೆಗೆ ಬಂದವರನ್ನು ಒಳ್ಳೆಯ ಬೇಟೆತಂಡ ಎಂದೂ ಹಳಿಯುವುದಿಲ್ಲ.