ಡೀಲರ್‌ಗೆ ಮನಿಆರ್ಡರ್: ಹಣ ಮುಟ್ಟಿತು, ಬಿಲ್ ತೀರಲಿಲ್ಲ

ಕಳೆದ ವಾರ ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಪಾವತಿಯ ವಿಧಾನಗಳ ಬಗ್ಗೆ ಹೇಳುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಹಿಂದೆ ಅಂಗಡಿಯವರು ಡೀಲರ್‌ಗಳಿಗೆ ಮನಿಆರ್ಡರ್ ಮಾಡುತ್ತಿದ್ದರಂತೆ. ಅಂಚೆಯವರೇ ಬಾಗಿಲಿಗೆ ಹಣ ತಂದು ಕೊಡುತ್ತಾರಲ್ಲ, ಅದರಲ್ಲಿ ತೊಂದರೆ ಏನು?" ಅಷ್ಟರಲ್ಲಿ ಬೆಲ್ ಹೊಡೆಯಿತು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪಾಠವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. 2004ರಲ್ಲಿ ನಾನು ಪ್ರಥಮ ಪಿಯುಸಿ. ನಮ್ಮ ಅಬ್ಬಾ ಬಸ್ ನಿಲ್ದಾಣದ ಪಕ್ಕದಲ್ಲಿ ಸಣ್ಣ ಸ್ಟೇಷನರಿ ಅಂಗಡಿ ಇಟ್ಟಿದ್ದರು. ನೋಟ್‌ಬುಕ್, ಪೆನ್ನು, ಜಾಮಿಟ್ರಿ ಬಾಕ್ಸ್ ಎಲ್ಲವೂ ಬೆಂಗಳೂರಿನ ಒಬ್ಬ ಡೀಲರ್‌ನಿಂದ ಬರುತ್ತಿದ್ದವು. ಅಬ್ಬಾಗೆ ಬ್ಯಾಂಕಿನಲ್ಲಿ ಚೆಕ್ ಸೌಲಭ್ಯವಿರಲಿಲ್ಲ. ಡಿ.ಡಿ. ತೆಗೆಸಬೇಕೆಂದರೆ ಅಂಗಡಿ ಮುಚ್ಚಿ ಅರ್ಧ ದಿನ ಸಾಲಿನಲ್ಲಿ ನಿಲ್ಲಬೇಕು. ಅಂಚೆ ಕಚೇರಿಯೋ ರಸ್ತೆಯ ಆಚೆ ಬದಿಯಲ್ಲೇ ಇತ್ತು. ಹಾಗಾಗಿ ಮನಿಆರ್ಡರ್.

ಆ ವರ್ಷ ಶಾಲೆ ಶುರುವಾಗುವ ಮುಂಚೆ ತರಿಸಿದ ಮಾಲಿನ ಬಿಲ್ 2,364 ರೂಪಾಯಿ. ಅಬ್ಬಾ ಚಿಲ್ಲರೆ ಬಿಟ್ಟು 2,300 ಕಳಿಸಿದರು, ಉಳಿದದ್ದು ಮುಂದಿನ ಸಲ ಎಂದು. ಮನಿಆರ್ಡರ್ ಕಮಿಷನ್ ಪ್ರತಿ 20 ರೂಪಾಯಿಗೆ 1 ರೂಪಾಯಿ, ಅಂದರೆ 115 ರೂಪಾಯಿ. ನೋಟ್‌ಬುಕ್ ವ್ಯಾಪಾರದಲ್ಲಿ ನಮಗೆ ನೂರಕ್ಕೆ ಹತ್ತು ರೂಪಾಯಿ ಉಳಿದರೆ ಹೆಚ್ಚು. ಅದರಲ್ಲಿ ಅರ್ಧ ಅಂಚೆ ಕೌಂಟರಿನಲ್ಲೇ ಹೋಯಿತು. ಆದರೆ ಕಮಿಷನ್ ಕಣ್ಣಿಗೆ ಕಾಣುವ ಖರ್ಚು. ಕಾಣದ ನಷ್ಟ ಆಮೇಲೆ ಬಂತು.

ಫಾರಂ ತುಂಬಿದವನು ನಾನೇ. ಅದರ ಕೆಳಗಡೆ ಸಂದೇಶ ಬರೆಯಲು ಒಂದಿಷ್ಟು ಜಾಗವಿರುತ್ತಿತ್ತು. ಪೋಸ್ಟ್‌ಮ್ಯಾನ್ ಆ ತುಂಡನ್ನು ಹರಿದು ಹಣದ ಜೊತೆ ಕೊಡುತ್ತಿದ್ದ. ಅಲ್ಲಿ "ಸಲಾಮ್. ಮುಂದಿನ ಮಾಲು ಬೇಗ ಕಳಿಸಿ" ಎಂದು ಬರೆದು, ಅಕ್ಷರ ಚೆನ್ನಾಗಿ ಬಂತೆಂದು ಖುಷಿಪಟ್ಟೆ.

ಮೂರು ವಾರದ ನಂತರ ಸಹಿಯಾದ ಸ್ವೀಕೃತಿ ಚೀಟಿ ಬಂತು. ಅದರ ಹಿಂದೆಯೇ ಡೀಲರ್ ಕಾಗದ: 2002ರ ಒಂದು ಹಳೆಯ ಬಿಲ್ಲಿನ ಬಾಕಿ 600 ರೂಪಾಯಿಗೆ ಮೊದಲು ಜಮಾ ಮಾಡಿದ್ದೇವೆ, ಮಿಕ್ಕ 1,700 ಹೊಸ ಬಿಲ್ಲಿಗೆ, 664 ಬಾಕಿ ಇದೆ, ಅದು ಬಂದ ಮೇಲೆ ಪಾರ್ಸಲ್. ಅಬ್ಬಾ ಅವಾಕ್ಕಾದರು. ಆ 600 ರೂಪಾಯಿಯ ಮಾಲು ಮಳೆಯಲ್ಲಿ ನೆನೆದು ಬಂದಿತ್ತು, ವಾಪಸ್ ಕಳಿಸಿದ್ದೆವು. ಆದರೆ ಕಳಿಸಿದ್ದಕ್ಕೆ ರಸೀದಿ ಇಲ್ಲ, ಡೆಬಿಟ್ ನೋಟ್ ಇಲ್ಲ. ಕೈಯಲ್ಲಿದ್ದದ್ದು ಅಂಚೆಯ ಚೀಟಿ ಒಂದೇ. ಹಣ ಮುಟ್ಟಿದೆ ಎಂದು ಅದು ಹೇಳುತ್ತದೆ. ಯಾವ ಲೆಕ್ಕಕ್ಕೆ ಮುಟ್ಟಿತು ಎಂದು ಹೇಳುವುದಿಲ್ಲ.

ಡೀಲರ್ ಹಾಗೆ ಮಾಡಬಹುದೇ? ಬಿ.ಕಾಂ. ಓದುವಾಗ ಉತ್ತರ ಸಿಕ್ಕಿತು. ಭಾರತೀಯ ಕರಾರು ಕಾಯಿದೆ, 1872ರ 59, 60, 61ನೇ ಕಲಂಗಳು ಇದನ್ನೇ ಹೇಳುತ್ತವೆ. ಹಲವು ಬಾಕಿಗಳಿರುವಾಗ ಹಣ ಯಾವುದಕ್ಕೆ ಎಂದು ಕೊಡುವವನು ಸೂಚಿಸಿದರೆ, ಪಡೆದವನು ಅದಕ್ಕೇ ಜಮಾ ಮಾಡಬೇಕು. ಸೂಚಿಸದಿದ್ದರೆ ಆಯ್ಕೆ ಪಡೆದವನದು. ನಿಜವಾಗಿ ಬರಬೇಕಾದ ಸಾಲವಾದರೆ, ಅವಧಿ ಮೀರಿ ಕೋರ್ಟಿನಲ್ಲಿ ವಸೂಲಿ ಮಾಡಲಾಗದ್ದಕ್ಕೂ ಹಾಕಿಕೊಳ್ಳಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದು ಮೊದಲು. ಇಲ್ಲಿ ಒಂದು ಸೂಕ್ಷ್ಮವಿದೆ. ಬಾಯಿಬಿಟ್ಟು ಹೇಳದಿದ್ದರೂ ಸಂದರ್ಭವೇ ಸೂಚನೆಯಾಗಬಹುದು. ಅಬ್ಬಾ ಸರಿಯಾಗಿ 2,364 ಕಳಿಸಿದ್ದರೆ, ಆ ಮೊತ್ತದ ಬೇರೆ ಬಾಕಿ ಇಲ್ಲದ್ದರಿಂದ ಅದು ಹೊಸ ಬಿಲ್ಲಿಗೇ ಎಂದು ವಾದಿಸಬಹುದಿತ್ತು. ಚಿಲ್ಲರೆ ಬಿಟ್ಟು ಆ ವಾದವನ್ನೂ ನಾವೇ ಬಿಟ್ಟುಕೊಟ್ಟಿದ್ದೆವು. ಆ 600 ನಿಜವಾಗಿ ಬಾಕಿಯೇ ಅಲ್ಲ ಎನ್ನುವ ಮಾತು ನಮಗೆ ಉಳಿದಿತ್ತು. ಸಾಬೀತು ಮಾಡಲು ಕಾಗದ ಇರಲಿಲ್ಲ.

ದಾರಿಯಲ್ಲಿ ಹಣಕ್ಕೆ ಏನಾದರೂ ಆದರೆ ಹೊಣೆ ಯಾರದು ಎಂಬುದು ಇನ್ನೊಂದು ಪ್ರಶ್ನೆ. ಕರಾರು ಕಾಯಿದೆಯ 50ನೇ ಕಲಂ ಪ್ರಕಾರ, ಹಣ ಬರಬೇಕಾದವನು ಹೇಳಿದ ರೀತಿಯಲ್ಲಿ ಕೊಟ್ಟರೆ ಅದು ಸಂದಾಯವೇ. 1954ರಲ್ಲಿ ಓಗಲೆ ಗ್ಲಾಸ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೆಕ್ಕನ್ನು ಅಂಚೆಯಲ್ಲಿ ಕಳಿಸಿ ಎಂದು ಸಾಲಕೊಟ್ಟವನೇ ಕೋರಿದ್ದರೆ ಅಂಚೆ ಅವನ ಏಜೆಂಟ್ ಎಂದಿತು. ಆ ಕಂಪನಿ ಲಾಟೀನು ತಯಾರಿಸಿ ಸರ್ಕಾರಕ್ಕೆ ಕೊಡುತ್ತಿತ್ತು. ಜಗಳ ಆದಾಯ ತೆರಿಗೆಯದು. ಹಾಗಾಗಿ 'ಹಣ ಅಂಚೆಯಲ್ಲಿ ಕಳಿಸಿ' ಎಂದು ಡೀಲರ್ ಬರೆದ ಕಾಗದಕ್ಕೆ ಬೆಲೆಯಿದೆ. ಕೇಳದೆ ನಾವಾಗಿ ಕಳಿಸಿದರೆ ಅವನ ಕೈ ಸೇರುವವರೆಗೂ ಹೊಣೆ ನಮ್ಮದೇ ಎಂದಾಗುವ ಅಪಾಯವಿದೆ. ಅಂಚೆಯನ್ನು ಕೇಳೋಣವೆಂದರೆ, ಆಗ ಇದ್ದ 1898ರ ಅಂಚೆ ಕಾಯಿದೆಯ 48ನೇ ಕಲಂ, ನೌಕರನ ವಂಚನೆಯೋ ಬೇಕೆಂದೇ ಮಾಡಿದ ತಪ್ಪೋ ಅಲ್ಲದಿದ್ದರೆ ತಡವಾದದ್ದಕ್ಕೆ ದಾವೆ ಹೂಡಲು ಬಿಡುತ್ತಿರಲಿಲ್ಲ.

ಮನಿಆರ್ಡರನ್ನು ನಾನು ಹಳಿಯುತ್ತಿಲ್ಲ. 1880ರಲ್ಲಿ ಶುರುವಾದ ಆ ಸೇವೆ, ಮುಂಬೈಯಲ್ಲಿ ದುಡಿಯುವ ಮಗನ ಹಣವನ್ನು ಹಳ್ಳಿಯ ತಾಯಿಯ ಕೈಗೆ ಕೊಟ್ಟಿದೆ. ತಾಯಿ ಮಗನ ನಡುವೆ ಬಿಲ್ ನಂಬರ್ ಬೇಕಿಲ್ಲ. ವ್ಯಾಪಾರದಲ್ಲಿ ಬೇಕು. ಇಂದು ಫೋನಿನಲ್ಲಿ ಯುಪಿಐ ಮೂಲಕ ಹಣ ಕಳಿಸುವ ನಿಮ್ಮಲ್ಲಿ ಎಷ್ಟು ಮಂದಿ ಅಲ್ಲಿನ ಟಿಪ್ಪಣಿ ಜಾಗ ತುಂಬುತ್ತೀರಿ? ಕಮಿಷನ್ ಹೋಯಿತು, ಮೂರು ವಾರ ಮೂರು ಸೆಕೆಂಡಾಯಿತು, ಖಾಲಿ ಜಾಗ ಹಾಗೇ ಇದೆ.

ಅಬ್ಬಾ ಜಗಳ ಮಾಡಲಿಲ್ಲ. ಸೀಸನ್ ಕೈತಪ್ಪುತ್ತಿತ್ತು. 664 ರೂಪಾಯಿಗೆ ಇನ್ನೊಂದು ಮನಿಆರ್ಡರ್, 34 ರೂಪಾಯಿ ಕಮಿಷನ್. ಈ ಸಲ ಸಂದೇಶದ ಜಾಗದಲ್ಲಿ ಬಿಲ್ ನಂಬರ್, ತಾರೀಕು, 'ಪೂರ್ತಿ ಚುಕ್ತಾ' ಎಂದು ಬರೆಸಿದರು. ಸಲಾಮಿಗೆ ಜಾಗ ಉಳಿಯಲಿಲ್ಲ. ಪಾರ್ಸಲ್ ಬಂದಾಗ ಜುಲೈ ಅರ್ಧ ಕಳೆದಿತ್ತು. ಮಕ್ಕಳು ಎದುರಿನ ಅಂಗಡಿಯಲ್ಲಿ ನೋಟ್‌ಬುಕ್ ಕೊಂಡಾಗಿತ್ತು. ನಮ್ಮ ಎರಡು ಕಟ್ಟುಗಳು ಮುಂದಿನ ಜೂನ್‌ವರೆಗೆ ಅಟ್ಟದ ಮೇಲೇ ಇದ್ದವು.