ಹೊರಗೆ ಓದಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ಪಿಯುಸಿ ರಿಸಲ್ಟ್ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ: ಡಿಗ್ರಿಗೆ ಇಲ್ಲೇ ಹಾಕೋದೋ, ಬೆಂಗಳೂರು, ಮಂಗಳೂರಿಗೆ ಕಳಿಸೋದೋ? ಕಳಿಸುವ ಮಾತಿನಲ್ಲಿ ಎರಡು ಹೆಸರು ಬಂದೇ ಬರುತ್ತವೆ. ಮಂಗಳೂರಿನ ಸೇಂಟ್ ಅಲೋಶಿಯಸ್ 1880ರಲ್ಲಿ ಶುರುವಾದದ್ದು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದು. ಅದನ್ನು ವಿಶ್ವವಿದ್ಯಾಲಯವಾಗಿ 2022ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಎರಡೂ ಜೆಸ್ವಿಟ್ ಫಾದರ್‌ಗಳ ಆಡಳಿತದವು.

'ಫಾದರ್‌ಗಳ ಕಾಲೇಜು, ಶಿಸ್ತು ಇರತೈತಿ' ಎನ್ನುವುದು ನಿಮ್ಮಪ್ಪನ ಲೆಕ್ಕ. ಅಲ್ಲಿ ಓದಿ ಬಂದವರು ಮೆಚ್ಚಿ ಹೇಳುವುದು ಬೇರೆಯದನ್ನು. ನೂರಾರು ಸಂಯೋಜಿತ ಕಾಲೇಜುಗಳ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೀನು ಬರೀ ರಿಜಿಸ್ಟರ್ ನಂಬರು. ಪಾಠ ಮಾಡುವವರು ಒಬ್ಬರು, ಪೇಪರ್ ತಿದ್ದುವವರು ಇನ್ಯಾರೋ. ಇಂಥ ಸಣ್ಣ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಮೇಡಮ್ಮೇ ಇಂಟರ್ನಲ್ಸ್ ಕೊಡುತ್ತಾರೆ, ನಿನ್ನ ಉತ್ತರವನ್ನೂ ಓದುತ್ತಾರೆ. ಎರಡು ದಿನ ಕ್ಲಾಸಿಗೆ ಹೋಗದಿದ್ದರೆ ಮೆಂಟರ್ ಕಡೆಯಿಂದ ನಿಮ್ಮ ಮನೆಗೇ ಫೋನು: 'ಹುಡುಗಿಗೆ ಮೈಯಾಗ ಆರಾಮಿಲ್ವಾ?' ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹೆದರಿ ಹಿಂದಿನ ಬೆಂಚು ಹಿಡಿಯುವ ನಮ್ಮ ಭಾಗದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಅಲ್ಲಿ ಹಿಂದಿನ ಬೆಂಚೂ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಒಬ್ಬ ಮೇಷ್ಟ್ರ ಜೊತೆ ಮನಸ್ತಾಪವಾದರೆ ಮೂರು ವರ್ಷ ಅವರ ಎದುರೇ ಓಡಾಡಬೇಕು. ಸೇರುವ ಮೊದಲೇ ಇದನ್ನು ತಿಳಿದಿರು.

ಪ್ರಾರ್ಥನೆ, ಚರ್ಚು ಅಂತ ನಿಮ್ಮಜ್ಜಿಗೆ ದಿಗಿಲಂತೆ. ಅಲ್ಲಿ ಓದುವವರೆಲ್ಲ ಕ್ರೈಸ್ತರೇ ಅಲ್ಲ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆ ಯಾವುದೇ ಇರಲಿ, ವಿದ್ಯಾರ್ಥಿಯ ಒಪ್ಪಿಗೆ, ಚಿಕ್ಕವರಾದರೆ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೋ ಪೂಜೆ-ಪ್ರಾರ್ಥನೆಗೋ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಇದನ್ನೇ ಹೇಳುತ್ತದೆ. ಅಷ್ಟಕ್ಕೂ ಕ್ರೈಸ್ತರು ನಮಗೆ ಹೊಸಬರೇನು? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಇದ್ದಾರೆ. ನಿನ್ನ ಕನ್ನಡ ಮೇಷ್ಟ್ರು ಇವತ್ತಿಗೂ ತಿರುವಿ ಹಾಕುವ ನಿಘಂಟು ಬಾಸೆಲ್ ಮಿಷನ್ನಿನ ಪಾದ್ರಿ ಕಿಟೆಲ್ಲರದು, 1894ರದು. ಅಜ್ಜಿಗೆ ಮುದಗಲ್ಲಿನ ಮಾತು ಹೇಳು, ಸಾಕು. ನಿಘಂಟಿನ ಮಾತು ಅವರಿಗೆ ಬೇಡ.

ನನಗೆ ನಿಜವಾದ ಚಿಂತೆ ದುಡ್ಡಿನದು. ಭತ್ತದ ರೇಟು ಬಿದ್ದ ವರ್ಷ ಫೀಸಿನ ಎರಡನೇ ಕಂತು ಕಟ್ಟಲಾಗದೆ ಓದು ಬಿಟ್ಟು ಊರಿಗೆ ಬಂದ ಮಕ್ಕಳನ್ನು ನೋಡಿದ್ದೇನೆ. ಕ್ರೈಸ್ತ ಸಂಸ್ಥೆ ಅಂದಮಾತ್ರಕ್ಕೆ ಫೀಸು ಕಡಿಮೆ ಇರುವುದಿಲ್ಲ. ಬಡ ಮಕ್ಕಳಿಗೆ ರಿಯಾಯಿತಿ ಇದ್ದರೂ ಕೇಳಿದವರಿಗಷ್ಟೇ ಸಿಗುವುದುಂಟು. ನಾಚಿಕೆ ಬಿಟ್ಟು ಕೇಳು: ಮೂರು ವರ್ಷಕ್ಕೂ ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ಪಿಗೆ ನಿನ್ನ ಕೋರ್ಸು ಬರುತ್ತದೋ ಇಲ್ಲವೋ. ಬಾಯಿಮಾತಿಗೆ ಒಪ್ಪಬೇಡ, ಬರೆದು ಕೊಡಿ ಅನ್ನು. ಬರೆದು ಕೊಡದಿದ್ದರೆ, ಅದೆಷ್ಟೇ ಹೆಸರುವಾಸಿ ಕಾಲೇಜಾಗಿರಲಿ, ಅಪ್ಪನ ಕೈಯಿಂದ ಒಂದು ರೂಪಾಯಿಯನ್ನೂ ಕಟ್ಟಿಸಬೇಡ.

ಇಂತಿ,
ನಿಮ್ಮೂರಿನ ನಿವೃತ್ತ ಮೇಷ್ಟ್ರು